ಕರಡಿ ಮಲಗುವ ತನಕ

ಒಂದಾನೊಂದು ಊರು. ಏಳು ಬೆಟ್ಟ, ಏಳು ಕಡಲು ದಾಟಿ ಹೋಗುವಷ್ಟು ದೂರದ್ದೇನಲ್ಲ; ಟಿಕೆಟ್ ಕೌಂಟರಿನಿಂದ ಎಡಕ್ಕೆ ತಿರುಗಿ, ಕೊಳದ ಬಾತುಕೋಳಿಗಳನ್ನು ದಾಟಿದರೆ ಸಾಕು. ಅಲ್ಲೊಂದು ಕರಡಿ ಇತ್ತು. ಅದಕ್ಕೆ ಮಲಗಲು ಬರುತ್ತಿರಲಿಲ್ಲ. ಅಲ್ಲೇ ಒಬ್ಬಳು ಹುಡುಗಿ ಇದ್ದಳು. ಅವಳಿಗೆ ಕೂರಲು ಬರುತ್ತಿರಲಿಲ್ಲ.

ಇವರಿಬ್ಬರ ನಡುವೆ ಒಬ್ಬ ಇದ್ದ. ಅವನಿಗೆ ಮಾತಾಡಲು ಬರುತ್ತಿರಲಿಲ್ಲ!

ಮೂವರಿಗೂ ಸೇರಿ ಒಂದೇ ಚಳಿಗಾಲ... ಹೇಗೆ ಕಳೆದೀತು, ನೀವೇ ಹೇಳಿ?

*

"ಮಿಸ್, ಅದ್ಯಾಕೆ ಹಂಗೆ ಓಡಾಡ್ತಿದೆ?"

ಕೇಳಿದ್ದು ಮುಂದಿನ ಹಲ್ಲು ಬಿದ್ದ ಪುಟ್ಟಿ. ಮೂಗಿನ ತುದಿ ಕೆಂಪಾಗಿತ್ತು, ಟೋಪಿ ಕಣ್ಣಿನ ತನಕ ಇಳಿದಿತ್ತು. ಅವಳ ಹಿಂದೆ ಅಜ್ಜಿ, ಅಜ್ಜಿಯ ಹಿಂದೆ ಫ್ಲಾಸ್ಕ್ ಹಿಡಿದ ತಾತ. ಅವರ ಸುತ್ತ ಇನ್ನೊಂದಿಷ್ಟು ಅಪ್ಪಂದಿರು, ಅಮ್ಮಂದಿರು, ಹೆಗಲೇರಿ ಕೂತ ಮಕ್ಕಳು. ಮೃಗಾಲಯದ ಚಳಿಗಾಲದ ಕುಟುಂಬ ಶಿಬಿರದ ಮೊದಲ ಬೆಳಗು ಅದು.

ಕೆಳಗೆ, ಕಂದಕದ ಆಚೆಯ ಅಂಗಳದಲ್ಲಿ, ಅಮ್ಮಣ್ಣಿ ನಡೆಯುತ್ತಿದ್ದಳು. ಅಮ್ಮಣ್ಣಿ ಅಂದರೆ ಕರಡಿ. ಹಿಂದಿನ ಗೋಡೆಯಿಂದ ಮರದ ಬೊಡ್ಡೆಯ ತನಕ. ಬೊಡ್ಡೆಯಿಂದ ಮತ್ತೆ ಗೋಡೆಗೆ. ಅದೇ ಜಾಗದಲ್ಲಿ ತಿರುಗುವುದು, ಅದೇ ರೀತಿ ತಲೆ ಒಲೆಯುವುದು. ಅವಳು ನಡೆದೂ ನಡೆದೂ ಹುಲ್ಲು ಸವೆದು ನೆಲದಲ್ಲೊಂದು ದಾರಿಯೇ ಬಿದ್ದಿತ್ತು.

ನೋಡುತ್ತಿದ್ದಂತೆ, ಶಿಬಿರ ನಡೆಸುವ ಮಿಸ್ ಬುಗುರಿಯ ಎದೆಯೊಳಗೆ ಏನೋ ಕಿವುಚಿದಂತಾಯಿತು.

ಬುಗುರಿ ಅವಳ ಹೆಸರಲ್ಲ; ನಿಂತಲ್ಲಿ ನಿಲ್ಲದವಳು ಅಂತ ಅಕ್ಕ ಇಟ್ಟ ಅಡ್ಡಹೆಸರು. ಆ ಹೆಸರು ಅವಳಿಗಿಂತ ಮೊದಲೇ ಎಲ್ಲ ಕಡೆ ಹೋಗಿ ಮುಟ್ಟುತ್ತಿತ್ತು. ಹೋದ ವರ್ಷ ವಸ್ತುಸಂಗ್ರಹಾಲಯದಲ್ಲಿ ಮಕ್ಕಳಿಗೆ ಪಾಠ, ಅದರ ಹಿಂದಿನ ವರ್ಷ ಗ್ರಂಥಾಲಯದಲ್ಲಿ ಕಥೆ. ಈ ಚಳಿಗಾಲಕ್ಕೆ ಇಲ್ಲಿ. ಮುಂದೆ...? ಮುಂದಿನದು ಅವಳಿಗೇ ಗೊತ್ತಿರಲಿಲ್ಲ.

'ಈ ಮಗು ಮೊದಲ ದಿನವೇ ಸಪ್ಪಗೆ ಮನೆಗೆ ಹೋಗಬಾರದು...' ಅಂದುಕೊಂಡಳು. ಅಷ್ಟೇ. ನಾಲಿಗೆ ಜಾರಿತು.

"ಅವಳಿಗೆ ನಿದ್ದೆ ಬರ್ತಿಲ್ಲ ಪುಟ್ಟಿ. ಆದ್ರೆ ನೋಡ್ತಿರು! ನಮ್ಮ ಶಿಬಿರ ಮುಗಿಯೋದ್ರೊಳಗೆ ನಿಮ್ಮೆಲ್ಲರ ಕಣ್ಣೆದುರಿಗೇ ಅವಳನ್ನ ಮಲಗಿಸ್ತೀನಿ."

"ನಿಜವಾಗ್ಲೂ?"

"ನಿಜವಾಗ್ಲೂ. ಮಾತು!"

"ಯಾರನ್ನ ಕೇಳಿ ಮಾತು ಕೊಟ್ರಿ?"

ದನಿ ಹಿಂದಿನಿಂದ ಬಂತು. ಬುಗುರಿ ಗಕ್ಕನೆ ತಿರುಗಿದಳು.

ಮೊಣಕಾಲಿನ ತನಕ ರಬ್ಬರ್ ಬೂಟು. ಕೂದಲಲ್ಲಿ ಒಣಹುಲ್ಲಿನ ಎಸಳು. ತೋಳು ಮಡಚಿದ ಅಂಗಿ, ಈ ಚಳಿಯಲ್ಲೂ! ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕರಡಿ ಮನೆಯ ಕಾವಲಿನವನು. ಹೊಟ್ಟೆಗೆ ಹಾಕುವವನು, ಗೂಡು ತೊಳೆಯುವವನು, ಎಲ್ಲ ಅವನೇ.

ಆ ಕಣ್ಣುಗಳಲ್ಲಿ ಕೋಪವಿತ್ತು. ಕೋಪದ ಹಿಂದೆ ನಿದ್ದೆಗೆಟ್ಟ ಸುಸ್ತು. ಅದರ ಹಿಂದೆ ಇನ್ನೂ ಏನೋ... ಅದೇನೆಂದು ನೋಡುವಷ್ಟರಲ್ಲಿ ಬುಗುರಿಗೆ ಉಸಿರು ತಪ್ಪಿತು. ಉಸಿರು ತಪ್ಪಿದ್ದಕ್ಕೆ ಅವಳಿಗೇ ಸಿಟ್ಟು ಬಂತು!

"ಕರಡಿಯನ್ನೇ ಕೇಳಿದೆ. ಹೂಂ ಅಂತು," ಎಂದಳು.

ಎಲ್ಲರೂ ನಕ್ಕರು. ಅವನು ನಗಲಿಲ್ಲ.

"ನೀವು ಚಳಿಗಾಲಕ್ಕೆ ಅಂತ ಬಂದೋರು. ಚಳಿ ಮುಗಿದ್ರೆ ಹೊರಟು ಹೋಗ್ತೀರಿ. ಅವಳು ಇಲ್ಲೇ ಇರೋಳು. ನೀವು ಕೊಟ್ಟ ಮಾತನ್ನ ಯಾರು ಹೊತ್ಕೋಬೇಕು?"

ಅಷ್ಟು ಹೇಳಿ ಬೂಟು ಸದ್ದು ಮಾಡುತ್ತ ಹೊರಟೇಹೋದ.

"ಅಬ್ಬಬ್ಬಾ!" ಅಜ್ಜಿ ಗಲ್ಲಕ್ಕೆ ಕೈಯಿಟ್ಟರು. "ಕರಡಿ ಒಳಗಿದೆ ಅಂದ್ಕೊಂಡ್ರೆ ಹೊರಗೂ ಒಂದಿದೆಯಲ್ರೀ!"

ಅವತ್ತಿನಿಂದ ಮಕ್ಕಳ ಬಾಯಲ್ಲಿ ಅವನು 'ಕರಡಿ ಸಾರ್' ಆದ.

ಬುಗುರಿ ನಗುತ್ತಲೇ ಇದ್ದಳು. ಆದರೆ ಅವನಾಡಿದ ಮಾತು ಕಾಲಿಗೆ ಚುಚ್ಚಿದ ಮುಳ್ಳಿನಂತೆ ಒಳಗೇ ಮುರಿದು ಕೂತಿತ್ತು. ಯಾಕೆಂದರೆ... ಅವನು ಹೇಳಿದ್ದು ಸುಳ್ಳಲ್ಲ.

*

"ಅಡುಗೆಮನೆಯಿಂದ ಜಗಲಿಗೆ, ಜಗಲಿಯಿಂದ ಅಡುಗೆಮನೆಗೆ. ಒಂದು ಕಡೆ ಕೂತ್ಕೊಂಡು ತಿನ್ನೇ!" ಸಂಜೆ ಅಕ್ಕ ಗದರಿಸಿದಳು. "ನೆಲ ಸವೆದುಹೋಗುತ್ತೆ."

"ಎಂಥಾ ಮನುಷ್ಯ ಗೊತ್ತಾ ಅಕ್ಕ? ಮಕ್ಕಳ ಮುಂದೆ! ಒಂದು ನಗು ಇಲ್ಲ, ಒಂದು ಮರ್ಯಾದೆ ಇಲ್ಲ. ಸಿಡುಕಮೂತಿ!"

"ಮದುವೆ ಆಗಿದ್ಯಾ?"

"ಅಕ್ಕಾ!"

"ಅಲ್ಲ, ಬೆಳಗ್ಗೆ ಬೈಸ್ಕೊಂಡೋಳು ದೀಪ ಹಚ್ಚೋ ಹೊತ್ತಾದ್ರೂ ಅವನನ್ನೇ ಜಪ ಮಾಡ್ತಿದ್ದೀಯಲ್ಲ, ಅದಕ್ಕೆ ಕೇಳ್ದೆ."

ಬುಗುರಿ ತಟ್ಟೆ ಇಟ್ಟು ಎದ್ದಳು. ಅಂದರೆ, ಕೂತಿದ್ದರೆ ತಾನೇ ಏಳುವುದು! ಕಿಟಕಿಯ ಹತ್ತಿರ ಹೋದಳು, ಪರದೆ ಸರಿಸಿದಳು, ಮತ್ತೆ ಎಳೆದಳು.

'ಮಲಗಿಸಿಯೇ ತೋರಿಸ್ತೀನಿ. ನೋಡ್ತಿರಿ ನೀವು...'

*

ಹಟವೇನೋ ತೊಟ್ಟಳು. ಕರಡಿಯನ್ನು ಮಲಗಿಸುವುದು ಹೇಗೆ? ಜೋಗುಳ ಹಾಡಲೇ?

ಅಮ್ಮಣ್ಣಿ ಹಿಂದೆಲ್ಲ ಹೀಗಿರಲಿಲ್ಲವಂತೆ. ಚಳಿ ಬಿದ್ದರೆ ಬಿಸಿಲು ಬೀಳುವ ಮೂಲೆ ನೋಡಿಕೊಂಡು ಮಧ್ಯಾಹ್ನದ ತನಕ ಒರಗಿಬಿಡುತ್ತಿದ್ದಳಂತೆ. ಈ ಸಲ ಮಾತ್ರ ಮೈಮೇಲೆ ಏನೋ ಬಂದ ಹಾಗೆ ನಡೆಯುತ್ತಾಳೆ. ವಯಸ್ಸು ಅಂದರು ಕೆಲವರು. ಹಲ್ಲುನೋವಿರಬೇಕು ಅಂದರು. ಮೃಗಾಲಯದ ಡಾಕ್ಟರಮ್ಮ ಹಲ್ಲು ನೋಡಿದರು, ರಕ್ತ ನೋಡಿದರು. ಎಲ್ಲ ಸರಿಯಾಗಿಯೇ ಇತ್ತು.

ಬುಗುರಿ ಶಿಬಿರದ ಪಾಠವನ್ನೆಲ್ಲ ಕರಡಿಯ ಸುತ್ತಲೇ ಕಟ್ಟಿದಳು. ಕುಟುಂಬಗಳು ಒಣ ಎಲೆ ಆರಿಸಿ ಗೋಣಿಚೀಲ ತುಂಬಿದವು. ಮರದ ದಿಮ್ಮಿಯ ತೂತುಗಳಿಗೆ ಜೇನು ಸವರಿದವು. ರಟ್ಟಿನ ಡಬ್ಬಗಳೊಳಗೆ ಹುಲ್ಲು, ಹುಲ್ಲಿನೊಳಗೆ ಸೇಬು ಬಚ್ಚಿಟ್ಟವು. ಪುಟ್ಟಿಯಂತೂ ತನ್ನ ಡಬ್ಬಕ್ಕೆ ಬಣ್ಣದ ಟೇಪಿನ ಹೂವು ಅಂಟಿಸಿ, 'ಅಮ್ಮಣ್ಣಿಗೆ' ಅಂತ ಬರೆದೂಬಿಟ್ಟಿದ್ದಳು.

ಕರಡಿ ಸಾರ್ ಬಂದ. ಡಬ್ಬ ಎತ್ತಿದ. ಪರ್ರನೆ ಟೇಪು ಕಿತ್ತ!

ಪುಟ್ಟಿಯ ತುಟಿ ನಡುಗಿತು.

"ರೀ!" ಬುಗುರಿ ಮುಂದೆ ನುಗ್ಗಿದಳು. "ಮಗು ಎಷ್ಟು ಹೊತ್ತು ಕೂತು ಮಾಡಿದ್ದು ಗೊತ್ತಾ ಅದು?"

ಅವನು ತಟ್ಟನೆ ಮಂಡಿಯೂರಿ ಪುಟ್ಟಿಯ ಎತ್ತರಕ್ಕೆ ಇಳಿದ.

"ಇದು ಅವಳ ಹೊಟ್ಟೆಗೆ ಹೋದ್ರೆ ಏನಾಗುತ್ತೆ ಹೇಳು?"

"...ಹೊಟ್ಟೆ ನೋವು?"

"ಹೂಂ. ಅವಳಿಗೆ ಓದೋಕೆ ಬರಲ್ಲ, ಹೂವೂ ಬೇಡ. ಅವಳು ಮೂಸಿ ನೋಡ್ತಾಳೆ. ನಿನ್ನ ಹೆಸರು ಮೂಗಿಗೆ ಬರೆಯೋದು ಹೇಗೆ, ಹೇಳಿಕೊಡ್ಲಾ?"

ಡಬ್ಬವನ್ನು ಪುಟ್ಟಿಯ ಎರಡೂ ಅಂಗೈಯಿಂದ ಚೆನ್ನಾಗಿ ಉಜ್ಜಿಸಿದ. "ಆಯ್ತು. ಈಗ ಇದು ನಿಂದು ಅಂತ ಅವಳಿಗೆ ಗೊತ್ತಾಗುತ್ತೆ."

ಪುಟ್ಟಿಯ ಮುಖ ಹಲ್ಲಿಲ್ಲದ ಬಾಯಗಲ ಅರಳಿತು. ಆಮೇಲೆ ಎಲ್ಲ ಮಕ್ಕಳಿಗೂ ಅಂಗೈ ಉಜ್ಜುವುದೇ ಕೆಲಸ! ತಾತನೂ ಸುಮ್ಮನೆ ಒಂದು ಡಬ್ಬ ಎತ್ತಿಕೊಂಡು ಉಜ್ಜಿದರು.

"ನಿಮ್ಮ ವಾಸನೆ ಹತ್ತಿದ್ರೆ ಅದು ಹತ್ತಿರಾನೂ ಬರಲ್ಲ, ಬಿಡಿ ಅತ್ತ," ಎಂದರು ಅಜ್ಜಿ.

ಅವನು ನಕ್ಕ.

ಮೊದಲ ಸಲ! ಆ ನಗುವಿಗೆ ಅವನ ಮುಖ ಇಡಿಯಾಗಿ ಬೇರೆಯಾಯಿತು. ಬುಗುರಿ ನೋಡುತ್ತ ನಿಂತಳು. ಕೈಯಲ್ಲಿದ್ದ ಎಲೆಯ ಚೀಲ ವಾಲಿ, ಅರ್ಧ ಎಲೆ ಅವಳ ಕಾಲ ಮೇಲೇ ಸುರಿಯಿತು.

"ಐದು ನಿಮಿಷ ಕೂತ್ಕೊಳ್ಳಿ," ಎಂದ ಅವನು, ಎಲೆ ಬಾಚುತ್ತ. "ಬೆಳಗ್ಗಿಂದ ನಿಂತೇ ಇದ್ದೀರಿ."

"ನಂಗೆ ಕೂರೋಕೆ ಬರಲ್ಲ."

"ಗೊತ್ತು. ನೋಡಿದ್ದೀನಿ."

'ನೋಡಿದ್ದೀನಿ' ಅಂದರೆ? ಯಾವಾಗ ನೋಡಿದ? ಯಾಕೆ ನೋಡಿದ? ಇಡೀ ದಿನ ಆ ಒಂದು ಪದ ಅವಳ ಕಿವಿಯಲ್ಲಿ ದುಂಬಿಯಂತೆ ಗುಂಯ್‌ಗುಟ್ಟಿತು...

*

ಚಳಿ ಏರಿತು. ಬೆಳಗಿನ ಹುಲ್ಲಿನ ಮೇಲೆ ಇಬ್ಬನಿ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗೆ ಕೂರತೊಡಗಿತು. ಬುಗುರಿ ಮತ್ತು ಅವನ ನಡುವೆ ಮಾತೂ ಒಂದೊಂದಾಗಿ ಸೇರಿಕೊಂಡಿತು. ಕರಡಿಯ ಬಗ್ಗೆ ಶುರುವಾಗಿ ಎಲ್ಲೆಲ್ಲೋ ಹೋಗಿ, ಮತ್ತೆ ಕರಡಿಯ ಬಳಿಗೇ ಬಂದು ನಿಲ್ಲುವ ಮಾತು. ತನ್ನ ಫ್ಲಾಸ್ಕಿನ ಮುಚ್ಚಳದಲ್ಲಿ ಅವಳಿಗೆ ಚಹಾ ಬಗ್ಗಿಸಿ ಕೊಡುತ್ತಿದ್ದ. ಅವಳು ನಡೆಯುತ್ತಲೇ ಕುಡಿಯುತ್ತಿದ್ದಳು. ಅವನು ಅವಳ ಜೊತೆ ನಡೆಯುತ್ತಿದ್ದ.

ಅಮ್ಮಣ್ಣಿಯೂ ನಡೆಯುತ್ತಿದ್ದಳು. ಜೇನಿನ ದಿಮ್ಮಿಯನ್ನು ಒಂದು ಗಳಿಗೆ ನೆಕ್ಕುವಳು, ಡಬ್ಬ ಹರಿಯುವಳು, ಇದ್ದಕ್ಕಿದ್ದಂತೆ ಕಿವಿ ನೆಟ್ಟಗಾಗಿಸುವಳು. ಮತ್ತೆ ಅದೇ ಗೋಡೆ. ಅದೇ ಬೊಡ್ಡೆ.

ಹಾಗಿರುವಾಗ ಒಂದು ಮಧ್ಯಾಹ್ನ ಡಾಕ್ಟರಮ್ಮ ಬುಗುರಿಯನ್ನು ಕ್ಯಾಂಟೀನಿಗೆ ಕರೆದರು. ಸುದ್ದಿ ಒಳ್ಳೆಯದಲ್ಲ ಅಂತ ಅವರ ಮುಖ ನೋಡಿಯೇ ಬುಗುರಿಗೆ ಗೊತ್ತಾಯಿತು.

"ಅಮ್ಮಣ್ಣೀನ ಬೇರೆ ಮೃಗಾಲಯಕ್ಕೆ ಕಳಿಸೋ ಮಾತು ನಡೀತಿದೆ ಕಣಮ್ಮ. ಜನರ ಕಣ್ಣಿಗೆ ಬೀಳದ ಹಾಗೆ ಅಲ್ಲಿ ಹಿಂದುಗಡೆ ಮುಚ್ಚಿದ ಮನೆಗಳಿವೆ. ನಿಮ್ಮ ಶಿಬಿರದ ಕೊನೇ ದಿನ ಬಂದು ನೋಡ್ತೀನಿ. ಅವತ್ತೂ ಹೀಗೇ ಇದ್ರೆ ಕಳಿಸಲೇಬೇಕು."

"ಈ ವಯಸ್ಸಲ್ಲಿ? ಲಾರಿ ಹತ್ತಿಸಿ? ಅಷ್ಟು ದೂರ?"

"ನಂಗೂ ಇಷ್ಟ ಇಲ್ಲ. ಏನ್ಮಾಡೋದು? ಶಿಬಿರದ ತಯಾರಿ ಶುರುವಾದಾಗಿಂದ್ಲೇ ಇದು ಜಾಸ್ತಿಯಾಯ್ತು ಅಂತ ಹೇಳ್ತಿದ್ದಾರೆ."

"ಯಾರು ಹೇಳಿದ್ದು?"

ಡಾಕ್ಟರಮ್ಮ ಚಹಾದ ಲೋಟ ತಿರುಗಿಸಿದರು. "ಅವನೇ. ಕರಡಿ ಮನೆಯವನೇ."

ಬುಗುರಿಗೆ ನೆಲ ಬಿರಿದಂತಾಯಿತು. ಚಹಾ ಕೊಟ್ಟ ಕೈ... ಜೊತೆಗೆ ನಡೆದ ಕಾಲು... ಅದೇ ಮನುಷ್ಯ ಬೆನ್ನ ಹಿಂದೆ ಹೀಗೆ?

ಓಡುತ್ತಲೇ ಕರಡಿ ಮನೆಗೆ ಬಂದಳು. ಅವನು ಗೂಡಿಗೆ ಹುಲ್ಲು ಹಾಸುತ್ತಿದ್ದ.

"ಶಿಬಿರದಿಂದಲೇ ಹೀಗಾಯ್ತು ಅಂದ್ರಂತೆ!"

ಅವನು ತಲೆಯೆತ್ತಿದ. "ಕಂಡಿದ್ದು ಹೇಳಿದೆ. ಯಾವಾಗ ಶುರುವಾಯ್ತು ಅಂತ ಕೇಳಿದ್ರು. ಸುಳ್ಳು ಹೇಳೋಕಾಗಲ್ಲ."

"ನನ್ನ ಹತ್ರ ಒಂದು ಮಾತು ಹೇಳಬಾರದಿತ್ತಾ? ದಿನಾ ಸಿಗ್ತೀನಿ. ದಿನಾ ಮಾತಾಡ್ತೀವಿ!"

ಅವನು ಕೈಯಲ್ಲಿದ್ದ ಹುಲ್ಲನ್ನು ಕೆಳಗಿಟ್ಟ.

"ಅವಳನ್ನ ಕಳಿಸಿದ್ರೆ ನಾನೂ ಜೊತೆಗೆ ಹೋಗ್ತೀನಿ," ಎಂದ. "ಮರಿಯಿಂದ ಸಾಕಿದ್ದು. ಅಲ್ಲಿ ಒಬ್ಬಳನ್ನೇ ಬಿಡೋಕಾಗಲ್ಲ. ಆದ್ರೆ ನೀವು..."

"ಹೋಗಿ! ಎಲ್ಲಿಗೆ ಬೇಕಾದ್ರೂ ಹೋಗಿ. ಚಳಿಗಾಲಕ್ಕೆ ಬಂದೋಳನ್ನ ಕೇಳಿ ಏನಾಗಬೇಕಿದೆ ನಿಮಗೆ?"

'ಆದ್ರೆ ನೀವು' ಅಂದದ್ದರ ಮುಂದಿನ ಮಾತು ಅವನ ಗಂಟಲಲ್ಲೇ ನಿಂತಿತು. ಅವಳು ಅಲ್ಲಿರಲಿಲ್ಲ. ಕೊಳದ ಸುತ್ತ ಗಿರಗಿರ ನಡೆಯುತ್ತಿದ್ದಳು, ಕಣ್ಣೊರೆಸಿಕೊಳ್ಳುತ್ತ. ಬಾತುಕೋಳಿಗಳು ಬೆದರಿ ದಾರಿ ಬಿಟ್ಟವು.

'ಎಲ್ಲ ಕಡೆಯಿಂದಲೂ ನಾನೇ ಹೊರಟು ಬರೋಳು. ಈ ಸಲ ಮಾತ್ರ ಬೇರೆಯವರು ಹೋಗ್ತಾರೆ ಅಂದ್ರೆ ಯಾಕಿಷ್ಟು ಸಂಕಟ...?'

*

ಮುಂದಿನ ಶಿಬಿರದ ದಿನ ಬುಗುರಿಗೆ ಮಾತಾಡುವ ಚೈತನ್ಯವೇ ಇರಲಿಲ್ಲ. ಅದಕ್ಕೇ ಮಾತಿಲ್ಲದ ಆಟವೊಂದನ್ನು ಹೂಡಿದಳು.

"ಇವತ್ತು ಕಿವಿಯ ದಿನ. ಎಲ್ಲರೂ ಕಣ್ಣು ಮುಚ್ಚಿ. ಏನೇನು ಕೇಳುತ್ತೋ ಆಮೇಲೆ ಹೇಳಬೇಕು."

ಕರಡಿ ಅಂಗಳದ ಎದುರು ಎಲ್ಲರೂ ಸಾಲಾಗಿ ಕಣ್ಣು ಮುಚ್ಚಿದರು. ಬುಗುರಿಯೂ ಮುಚ್ಚಿದಳು. ಎಲೆಚೀಲಗಳ ಗಾಡಿಯನ್ನು ಹಿಂದಿನ ಓಣಿಯಿಂದ ತರಲು ಒಬ್ಬ ಅಪ್ಪ ಹೋಗಿದ್ದರು. ದಿನಾ ಅದನ್ನು ತಳ್ಳುತ್ತಿದ್ದವಳು ಅವಳೇ. ಬೆಳಗ್ಗೆ ಪ್ರಾಣಿಗಳ ಅಡುಗೆಮನೆಯ ಕೆಲಸ ಮುಗಿದ ಮೇಲೆ ಖಾಲಿ ನಿಲ್ಲುವ ಗಾಡಿ ಅದು. ಶಿಬಿರದ ತಯಾರಿ ಶುರುವಾದಾಗ ಅಡುಗೆಮನೆಯವರು ತಾವಾಗಿಯೇ ಕೊಟ್ಟಿದ್ದರು. ಅಂದಿನಿಂದ ಎಲೆ, ಗೋಣಿ, ಡಬ್ಬ, ಅಂಟು, ಏನೊಂದು ಮರೆತರೂ ಗಾಡಿ ಸಮೇತ ಮತ್ತೊಮ್ಮೆ ಓಟ!

ಕಾಗೆ ಕೂಗಿತು. ದೂರದಲ್ಲಿ ಗಿಳಿಗಳ ಗಲಾಟೆ. ಯಾರದೋ ಮೂಗು ಸೊರ್ರೆಂದಿತು.

ಕಿರ್ರ್... ಕಿರ್ರ್... ಕಿರ್ರ್...

ಗೋಡೆಯ ಹಿಂದಿನ ಓಣಿಯಲ್ಲಿ ಗಾಡಿಯ ಚಕ್ರ.

ಅದರ ಬೆನ್ನಿಗೇ, ಧಪ್... ಧಪ್... ಧಪ್... ಒದ್ದೆ ನೆಲದ ಮೇಲೆ ಭಾರದ ಹೆಜ್ಜೆ. ಗೋಡೆಯ ಕಡೆಗೆ. ಗಾಡಿ ಮುಂದೆ ಹೋಯಿತು. ಹೆಜ್ಜೆಯೂ ಅದರ ಜೊತೆ ಹೋಯಿತು. ಗಾಡಿಯ ಸದ್ದು ನಿಂತಿತು. ಹೆಜ್ಜೆ ನಿಲ್ಲಲಿಲ್ಲ.

"ಥೇಟ್ ನಮ್ಮನೇವ್ರೇ!" ಅಜ್ಜಿಗೆ ನಗು ತಡೆಯಲಾಗಲಿಲ್ಲ. "ಅಡುಗೆಮನೇಲಿ ತಟ್ಟೆ ಸದ್ದಾಗಲಿ ಸಾಕು, ಎದ್ದು ಬಾಗಿಲಿಗೂ ಕುರ್ಚಿಗೂ ತಿರುಗೋಕೆ ಶುರು. ಊಟ ಬರೋ ತನಕ ಹೀಗೇ ಧಪ್ ಧಪ್!"

ತಾತ ಕಣ್ಣು ಮುಚ್ಚಿಕೊಂಡೇ, "ಊಟ ಹಾಕಿದ್ರೆ ಕೂತ್ಕೋತೀನಪ್ಪ," ಎಂದರು.

ಬುಗುರಿಯ ಕಣ್ಣು ಫಟ್ಟನೆ ತೆರೆಯಿತು.

ಊಟದ ಗಾಡಿ.

ಅಮ್ಮಣ್ಣಿಗೆ ಆ ಕಿರ್ರ್ ಅಂದರೆ ಊಟ! ವರ್ಷಗಟ್ಟಲೆ ಆ ಸದ್ದಿನ ಬೆನ್ನಿಗೇ ಊಟ ಬಂದಿದೆ. ಈಗ ದಿನವಿಡೀ ಸದ್ದು ಬರುತ್ತದೆ, ಊಟ ಬರುವುದಿಲ್ಲ. ಈಗ ಬರುತ್ತೆ, ಇನ್ನೇನು ಬರುತ್ತೆ ಅಂತ ಗೋಡೆಯುದ್ದಕ್ಕೂ ನಡೆಯುತ್ತ...

'ದಿನಾ ಮಾತು ಕೊಟ್ಟು, ದಿನಾ ತಪ್ಪಿದ್ದೀನಿ. ನಾನು! ನಾನೇ!'

ಅವಳು ಓಡಿದಳು. ಗೂಡು ತೊಳೆಯುವ ನೀರಿನ ಭೋರ್ಗರೆತದ ನಡುವೆ ಅವನು ನಿಂತಿದ್ದ. ಆ ಹೊತ್ತಿಗೆ ಅವನು ಯಾವಾಗಲೂ ಅಲ್ಲೇ. ಹೊರಗಿನ ಗಾಡಿಯ ಸದ್ದು ಅವನ ಕಿವಿಗೆ ಬೀಳುವುದಾದರೂ ಹೇಗೆ?

"ನೀರು ನಿಲ್ಲಿಸಿ! ನೀವು ಹೇಳಿದ್ದು ಸರಿ. ಶಿಬಿರದಿಂದಲೇ ಇದು. ನನ್ನಿಂದಲೇ. ಆ ಗಾಡಿ... ನಿಮ್ಮ ಊಟದ ಗಾಡಿ! ನಾನು ತಳ್ಳಿದಾಗೆಲ್ಲ ಅವಳು ಊಟ ಬಂತು ಅಂದ್ಕೊಂಡಿದ್ದಾಳೆ. ಕ್ಷಮಿಸಿ... ನಂಗೆ ಗೊತ್ತಿರಲಿಲ್ಲ..."

ಅವನು ನೀರು ನಿಲ್ಲಿಸಿದ. ಅವಳ ಮುಖ ನೋಡಿದ. ಅವನ ಮುಖದ ಬಣ್ಣ ಇಳಿದುಹೋಯಿತು.

ಒಂದು ಮಾತೂ ಆಡದೆ ಅವಳನ್ನು ದಾಟಿ ಹೊರಗೆ ನಡೆದುಬಿಟ್ಟ.

ಬುಗುರಿ ಒದ್ದೆ ಗೂಡಿನ ನಡುವೆ ನಿಂತೇ ಇದ್ದಳು. ಬೈದಿದ್ದರೆ ತಡೆಯಬಹುದಿತ್ತು. ಈ ಮೌನ...!

*

"ಅಳೋದು ಸಾಕು, ಮುಖ ತೊಳ್ಕೋ," ಎಂದರು ಡಾಕ್ಟರಮ್ಮ. ಸಂಜೆ ರಾಜೀನಾಮೆಯ ಮಾತೆತ್ತಲು ಅವರ ಕೋಣೆಗೆ ಬಂದಿದ್ದಳು ಬುಗುರಿ. "ಮಧ್ಯಾಹ್ನ ಅವನೂ ಇದೇ ಕುರ್ಚಿ ಹಿಡ್ಕೊಂಡು ನಿಂತಿದ್ದ. ತಪ್ಪೆಲ್ಲ ತನ್ನದೇ ಅಂತ."

"ಅವರದ್ದೇನು ತಪ್ಪು?"

"ಆ ಗಾಡೀನ ನಿಂಗೆ ಕೊಡಿ ಅಂತ ಅಡುಗೆಮನೇಲಿ ಹೇಳಿದ್ದೇ ಅವನಂತೆ! ಹೊಸದಾಗಿ ಬಂದ ಹುಡುಗಿ ಅಷ್ಟು ದೊಡ್ಡ ಚೀಲ ಸೊಂಟದ ಮೇಲೆ ಹೊತ್ಕೊಂಡು ಓಡ್ತಾಳೆ, ನೋಡೋಕಾಗಲ್ಲ, ನಾನು ಹೇಳಿದ್ದು ಅಂತ ಅವಳಿಗೆ ಹೇಳಬೇಡಿ ಅಂದಿದ್ದನಂತೆ." ಡಾಕ್ಟರಮ್ಮ ಕನ್ನಡಕ ತೆಗೆದರು. "ಹತ್ತು ವರ್ಷದಿಂದ ನೋಡ್ತಿದ್ದೀನಿ ಅವನನ್ನ. ಇವತ್ತು ಆಡಿದಷ್ಟು ಮಾತು ಯಾವತ್ತೂ ಆಡಿಲ್ಲ."

ಬುಗುರಿಗೆ ಅಳುವಿನ ನಡುವೆಯೇ ನಗು ಬಂತು. ಎದೆ ಹೊಡೆದುಕೊಳ್ಳತೊಡಗಿತು, ಹೊರಗಿನವರಿಗೂ ಕೇಳಿಸೀತೇನೋ ಎಂಬ ಹಾಗೆ.

ಹಾಗಾದರೆ... ಮೊದಲ ದಿನಕ್ಕಿಂತ ಮೊದಲೇ... ಆ ಸಿಡುಕಿಗಿಂತ ಮೊದಲೇ...?

*

ಮರುದಿನದಿಂದ ಗಾಡಿಗೆ ಒಂದು ಕಟ್ಟಳೆಯಾಯಿತು. ಹೊಟ್ಟೆಗೇನೂ ಇಲ್ಲದೆ ಅದು ಉರುಳುವಂತಿಲ್ಲ. ಒಂದು ಹಿಡಿ ಗೆಡ್ಡೆಯಾದರೂ ಸರಿ, ಕಿರ್ರ್ ಅಂದಮೇಲೆ ಊಟ ಬರಲೇಬೇಕು.

ಶಿಬಿರದ ಸಾಮಾನೆಲ್ಲ ಹೆಗಲಿಗೆ ಬಂತು. ಅಪ್ಪಂದಿರು ಗೋಣಿ ಹೊತ್ತರು. ಅಜ್ಜಿ ತಾತನ ತಲೆಯ ಮೇಲೆ ಡಬ್ಬ ಪೇರಿಸಿದರು. "ಬಗ್ಗಬೇಡಿ, ಬೀಳುತ್ತೆ. ಇಷ್ಟು ವರ್ಷ ಸಂಸಾರ ಹೊತ್ತಿದ್ದೀರಿ, ಇದೇನು ಮಹಾ!"

ಅಮ್ಮಣ್ಣಿ ಒಂದೇ ದಿನಕ್ಕೆ ನಂಬಲಿಲ್ಲ. ಗಾಡಿ ಬಂದರೆ ತಿಂದಳು, ತಿಂದಾದ ಮೇಲೂ ನಡೆದಳು. ಒಮ್ಮೆ ಮುರಿದ ನಂಬಿಕೆ, ಸೂಜಿಯಿಂದ ಹೊಲಿದ ಹಾಗೆ ಒಂದೊಂದೇ ಹೊಲಿಗೆ. ದಿನಗಳೆದಂತೆ ನಡಿಗೆಯ ನಡುವೆ ನಿಲ್ಲತೊಡಗಿದಳು. ಬೊಡ್ಡೆಯ ಹತ್ತಿರ ಕೂತು ಬೆನ್ನು ತುರಿಸಿಕೊಂಡಳು. ಆದರೆ ಮಲಗಲಿಲ್ಲ.

ಅವನೂ ಬುಗುರಿಯೂ ಒಬ್ಬರನ್ನೊಬ್ಬರು ಕಂಡರೆ ಬೂಟು ನೋಡುತ್ತಿದ್ದರು. ಇವಳಿಗೆ ಗೊತ್ತು ಅಂತ ಅವನಿಗೆ ಗೊತ್ತು. ಅವನಿಗೆ ಗೊತ್ತು ಅಂತ ಇವಳಿಗೂ ಗೊತ್ತು. ಬಾಯಿ ಬಿಡುವವರು ಯಾರು?

*

ಕೊನೆಯ ಬೆಳಗು ಬಂದೇಬಂತು.

ಡಾಕ್ಟರಮ್ಮ ಶಾಲು ಹೊದ್ದು ಒಂದು ಬದಿಗೆ ನಿಂತರು. ಕುಟುಂಬಗಳು ಕಂದಕದ ಈಚೆ ಚಾಪೆ ಹಾಸಿ ಕೂತವು. ಮಕ್ಕಳು ಹೊತ್ತು ತಂದ ಎಲೆಯೆಲ್ಲ ಬಿಸಿಲ ಮೂಲೆಯಲ್ಲಿ ಗುಡ್ಡೆಯಾಗಿತ್ತು. ಅವನು ಗಾಡಿ ತಳ್ಳಿಕೊಂಡು ಬಂದ. ಕಿರ್ರ್... ಊಟ ಬಿತ್ತು. ಅಮ್ಮಣ್ಣಿ ತಿಂದಳು. ಮೂತಿ ನೆಕ್ಕಿಕೊಂಡಳು.

ಎದ್ದು ಗೋಡೆಯ ಕಡೆ ನಡೆದಳು.

ಬೊಡ್ಡೆಗೆ ಬಂದಳು. ಮತ್ತೆ ಗೋಡೆಗೆ.

ಚಾಪೆಯ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಬುಗುರಿಯೂ ನಡೆದಳು. ಬಿಸಿಲೇರಿತು. ಡಾಕ್ಟರಮ್ಮ ಒಮ್ಮೆ ಅವಳ ಕಡೆ ನೋಡಿ ಕಣ್ಣು ತಗ್ಗಿಸಿದರು.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಮಕ್ಕಳ ಎದುರು ಬಂದು ನಿಂತಳು.

"ನೋಡಿ ಮಕ್ಕಳೇ... ನಾನು ನಿಮಗೊಂದು ಮಾತು ಕೊಟ್ಟಿದ್ದೆ. ಅದನ್ನ..."

"ಮಿಸ್," ಪುಟ್ಟಿ ಪಿಸುಗುಟ್ಟಿದಳು, "ಕೂತ್ಕೊಳ್ಳಿ."

"ಏನು ಪುಟ್ಟಿ?"

"ನೀವು ಆ ಕಡೆ ಹೋದ್ರೆ ಅಮ್ಮಣ್ಣಿ ನಿಮ್ಮನ್ನೇ ನೋಡುತ್ತೆ. ಈ ಕಡೆ ಬಂದ್ರೂ ನೋಡುತ್ತೆ. ಅದಕ್ಕೆ ಹೇಗೆ ನಿದ್ದೆ ಬರುತ್ತೆ? ಕೂತ್ಕೊಳ್ಳಿ ಮಿಸ್!"

ಚಾಪೆಯ ತುದಿಯಲ್ಲಿ ಅವನು ಕೂತಿದ್ದ. ಸ್ವಲ್ಪ ಸರಿದು ಜಾಗ ಬಿಟ್ಟ.

ಬುಗುರಿ ಆ ಜಾಗವನ್ನು ನೋಡಿದಳು. ಒಬ್ಬರಿಗೆ ಸಾಲುವಷ್ಟು ಚಾಪೆ.

ಕೂತಳು.

ಬೆರಳು ಮಾತ್ರ ಸುಮ್ಮನಿರದೆ ಚಾಪೆಯ ಎಳೆ ಕಿತ್ತವು. ಅವನು ಆ ಬೆರಳುಗಳ ಮೇಲೆ ತನ್ನ ಕೈಯಿಟ್ಟ. ಒರಟಾದ, ಬೆಚ್ಚಗಿನ ಕೈ. ಬೆರಳು ನಿಂತವು.

ಅಂಗಳದಲ್ಲಿ ಅಮ್ಮಣ್ಣಿ ನಿಂತಳು. ಗಾಳಿ ಮೂಸಿದಳು. ತನ್ನ ದಾರಿ ಬಿಟ್ಟು, ಎಲೆಯ ಗುಡ್ಡೆಯ ಕಡೆ ಹೆಜ್ಜೆ ಹಾಕಿದಳು!

ಯಾರೂ ಉಸಿರೆತ್ತಲಿಲ್ಲ. ಅವಳು ಎಲೆಯನ್ನು ಕೆದರಿದಳು, ತುಳಿದಳು, ಸುತ್ತಿದಳು. ಧೊಪ್ಪನೆ ಒರಗಿದಳು. ಕಣ್ಣು ಮಾತ್ರ ಇನ್ನೂ ತೆರೆದೇ ಇತ್ತು.

ಆ ಮೌನದಲ್ಲಿ ಗೊರ್‌ರ್ ಎಂದು ಒಂದು ಸದ್ದು. ತಾತ!

"ಕರಡಿಗಿಂತ ಮೊದಲೇ ಮಲಗಿಬಿಟ್ರಲ್ರೀ!" ಅಜ್ಜಿ ಅವರ ಮೂಗು ಹಿಡಿದರು.

ಬುಗುರಿ ನಗು ನುಂಗಿಕೊಂಡಳು. ಕಣ್ಣಲ್ಲಿ ನೀರಾಡಿತು. ಕರಡಿಯ ಕಿವಿಗೆ ಬೀಳದ ಹಾಗೆ ಅವನ ಕಿವಿಯ ಹತ್ತಿರ ಬಾಗಿದಳು.

"ಗಾಡಿ ಕೊಡ್ಸಿದ್ದು ನೀವೇ ಅಂತ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಯಾಕೆ ಅಂತ ಕೇಳ್ತಿದ್ರಿ."

"ಈಗ ಕೇಳ್ತಿದ್ದೀನಿ. ಯಾಕೆ?"

ಅವನು ಅಂಗಳವನ್ನೇ ನೋಡುತ್ತಿದ್ದ. ಕಿವಿಯ ತುದಿ ಕೆಂಪಾಗಿತ್ತು.

"ನೀವು ಬಂದ ದಿನದಿಂದ ನಾನೂ ಒಂದು ಕಡೆ ನಿಂತಿಲ್ಲ," ಎಂದ. "ನೀವು ಯಾವ ಕಡೆ ಓಡಿದ್ರಿ ಅಂತ ನೋಡೋದೇ ಕೆಲಸ. ಚಳಿ ಮುಗಿದ್ರೆ ಹೋಗ್ತೀರಿ ಅಂತ ಸಿಟ್ಟು. ಆ ಸಿಟ್ಟನ್ನ ಮೊದಲ ದಿನಾನೇ ನಿಮ್ಮ ಮೇಲೆ ಹಾಕ್ಬಿಟ್ಟೆ. ಮಾತಾಡೋಕೆ ಬರಲ್ಲ ನಂಗೆ. ಪ್ರೀತಿ ಮಾಡೋಕೆ... ಅದೂ ಸರಿಯಾಗಿ ಬರಲ್ಲ ಅನ್ಸುತ್ತೆ. ಆದ್ರೆ ಮಾಡ್ತಿದ್ದೀನಿ."

ಬುಗುರಿಯ ಎದೆಯೊಳಗೆ ಇಷ್ಟು ವರ್ಷ ಗಿರಗಿರ ತಿರುಗುತ್ತಿದ್ದುದು ಮೆಲ್ಲಗೆ ವಾಲಿ, ಒಂದು ಬದಿಗೆ ಒರಗಿ ನಿಂತಿತು.

"ಅವತ್ತು 'ಆದ್ರೆ ನೀವು' ಅಂತ ನಿಲ್ಲಿಸಿದ್ರಲ್ಲ... ಮುಂದೇನಿತ್ತು?"

"'ಆದ್ರೆ ನೀವು ಇರು ಅಂದ್ರೆ, ಅವಳನ್ನ ಇಲ್ಲೇ ಉಳಿಸ್ಕೊಳ್ಳೋಕೆ ಯಾರ ಕಾಲು ಬೇಕಾದ್ರೂ ಹಿಡೀತೀನಿ' ಅಂತ."

"ಇರಿ," ಎಂದಳು ಅವಳು. "ನಾನೂ ಇರ್ತೀನಿ."

"ಎಷ್ಟು ದಿನ?"

"ಶ್! ಮಾತಾಡಬೇಡಿ. ಅವಳು ಕಣ್ಣು ಮುಚ್ತಿದ್ದಾಳೆ..."

ಚಳಿಗಾಲದ ಬಿಸಿಲು ಎಲೆಗಳ ಮೇಲೆ, ಕಂದು ತುಪ್ಪಳದ ಮೇಲೆ ಹರಡಿತ್ತು. ದೊಡ್ಡ ತಲೆ ಮುಂಗಾಲಿನ ಮೇಲೆ ಇಳಿಯಿತು. ರೆಪ್ಪೆ ಒಮ್ಮೆ ಎದ್ದಿತು, ಮತ್ತೊಮ್ಮೆ ಎದ್ದಿತು. ಆಮೇಲೆ ಏಳಲಿಲ್ಲ. ಆ ಬದಿಯಲ್ಲಿ ಡಾಕ್ಟರಮ್ಮ ನಗುತ್ತ, ಇನ್ನು ಕಳಿಸೋದು ಬೇಡ ಎಂಬಂತೆ ಕೈಯಾಡಿಸಿದರು.

"ಮಲಗಿದ್ಳಾ?" ಬುಗುರಿ ಕೇಳಿದಳು, ತುಟಿಯಲ್ಲೇ.

ಅವನು ಅವಳ ಕೈ ಬಿಡದೆ, ಇಡೀ ಚಾಪೆಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದ:

"ಮಲಗಿದಳು."